ವೈಫೈ ಆಂಟೆನಾಕ್ಕೆ ಮೂರು ಸೆರಾಮಿಕ್ ಬಿಲ್ಲೆಗಳು

2.4 ಗಿಗಾಹರ್ಟ್ಸ್ ವೈಫೈಗೆ ಚಿಕ್ಕದೊಂದು ಆಂಟೆನಾ ಬೇಕಿತ್ತು. ಸುಲಭದ ದಾರಿ ಎಂದರೆ ಸರ್ಕ್ಯೂಟುಗಳಿಗೆ ಸಾಮಾನ್ಯವಾಗಿ ಬಳಸುವ ಎಫ್‌ಆರ್4 ಬೋರ್ಡಿನ ಮೇಲೆ ತಾಮ್ರದ ಪ್ಯಾಚ್. ತೆಳು, ಅಗ್ಗ. ಆದರೆ ಆ ಬೋರ್ಡಿನ ಲಾಸ್ ಟ್ಯಾಂಜೆಂಟ್ (ಶಕ್ತಿ ಶಾಖವಾಗಿ ಸೋರುವುದರ ಅಳತೆ) 0.02ರ ಆಸುಪಾಸು, ಕೊಟ್ಟ ಶಕ್ತಿಯಲ್ಲಿ ಸಾಕಷ್ಟು ಪಾಲು ಬೋರ್ಡನ್ನು ಬೆಚ್ಚಗಾಗಿಸುವುದರಲ್ಲೇ ಕಳೆಯುತ್ತದೆ. ಹಾಗಾಗಿ ಡೈಎಲೆಕ್ಟ್ರಿಕ್ ರೆಸೊನೇಟರ್ ಆಂಟೆನಾ ಹಿಡಿದೆ, ಅಂದರೆ ಲೋಹದ ಬದಲು ಸೆರಾಮಿಕ್ ತುಂಡೇ ರೇಡಿಯೊ ಅಲೆ ಸೂಸುವಂಥದ್ದು. ಸೆರಾಮಿಕ್ ಸಿಲಿಂಡರನ್ನೇ ಆಂಟೆನಾ ಮಾಡಬಹುದೆಂದು ಅಮೆರಿಕದ ಎಂಜಿನಿಯರ್ ಸ್ಟುವರ್ಟ್ ಲಾಂಗ್ ಮತ್ತು ಸಂಗಡಿಗರು 1983ರಲ್ಲಿ ತೋರಿಸಿಕೊಟ್ಟಿದ್ದರು.

ಮೊದಲನೆಯದು ಅಲ್ಯುಮಿನಾ ಎಂಬ ಸೆರಾಮಿಕ್, ಪರ್ಮಿಟಿವಿಟಿ (ವಸ್ತು ವಿದ್ಯುತ್ ಕ್ಷೇತ್ರವನ್ನು ಎಷ್ಟು ಹಿಡಿದಿಡುತ್ತದೆಂಬ ಅಳತೆ) 9.8. ಸೂತ್ರಕ್ಕೆ ಹಾಕಿದರೆ ತ್ರಿಜ್ಯ, ಎತ್ತರ ಎರಡೂ 16.3 ಮಿ.ಮೀ. ಬ್ಯಾಂಡ್‌ವಿಡ್ತ್ (ಆಂಟೆನಾ ಚೆನ್ನಾಗಿ ದುಡಿಯುವ ಆವರ್ತನಗಳ ಹರವು) ಶೇ 10ರ ಹತ್ತಿರ. ವೈಫೈ ಕೇಳುವುದು 83.5 ಮೆಗಾಹರ್ಟ್ಸ್, ಅಂದರೆ ಶೇ 3.4 ಮಾತ್ರ. ಕೆಲಸವೇನೋ ಚೆನ್ನಾಗಿಯೇ ಮಾಡಿತು, ಆದರೆ ಬೋರ್ಡಿನ ಮೇಲೆ ಗುಡ್ಡದಂತೆ ಕುಳಿತಿತು.

ಚಿಕ್ಕದು ಬೇಕೆಂದರೆ ಪರ್ಮಿಟಿವಿಟಿ ಏರಿಸಬೇಕು ಎನ್ನುತ್ತವೆ ಪುಸ್ತಕಗಳು. 37ರ ಸೆರಾಮಿಕ್ ತಂದೆ. ತ್ರಿಜ್ಯ 9 ಮಿ.ಮೀ.ಗೆ ಇಳಿಯಿತು, ಗಾತ್ರ ಆರನೆಯ ಒಂದು ಪಾಲಾಯಿತು. ಕೈಯಲ್ಲಿ ಹಿಡಿದರೆ ಮುದ್ದು ಬರುವಂತಿತ್ತು. ಆದರೆ ಬ್ಯಾಂಡ್‌ವಿಡ್ತ್ ಶೇ 2ಕ್ಕೂ ಕಡಿಮೆ, 42 ಮೆಗಾಹರ್ಟ್ಸ್ ಅಷ್ಟೆ, ಬೇಕಾದದ್ದರಲ್ಲಿ ಅರ್ಧ. ಸಾಲದೆಂಬಂತೆ ಅಂಟಿನ ಕಾಟ. ಬಿಲ್ಲೆಗೂ ಕೆಳಗಿನ ತಾಮ್ರಕ್ಕೂ ನಡುವೆ ಕೂದಲೆಳೆಯಷ್ಟು ಸಂದು ಉಳಿದರೂ ಅನುರಣನದ ಆವರ್ತನ ಮೇಲಕ್ಕೆ ಜಾರುತ್ತದೆ. ಪರ್ಮಿಟಿವಿಟಿ ಹೆಚ್ಚಿದಷ್ಟೂ ಈ ಜಾರಾಟ ಹೆಚ್ಚು. ಮೂರು ಸಲ ಕಿತ್ತು ಅಂಟಿಸಿದೆ. ಅದನ್ನು ಅಳೆಯುವ ಉಪಕರಣವಾದ ನೆಟ್‌ವರ್ಕ್ ಅನಲೈಸರ್ ಮೂರು ಸಲವೂ ಬೇರೆ ಬೇರೆ ಉತ್ತರ ಕೊಟ್ಟಿತು. ಅಳತೆಪಟ್ಟಿಯೊಂದನ್ನೇ ನಂಬಿ ಆಂಟೆನಾ ಆರಿಸುವವರಿಗೆ ಈ ಬಿಲ್ಲೆಯನ್ನು ಉಡುಗೊರೆಯಾಗಿ ಕೊಡಲು ಸಿದ್ಧನಿದ್ದೇನೆ.

ಮೂರನೆಯದಕ್ಕೆ ಮತ್ತೆ ಅಲ್ಯುಮಿನಾಕ್ಕೇ ಮರಳಿದೆ. ಬಿಲ್ಲೆಯನ್ನು ನಡುವೆ ಸೀಳಿ, ಸೀಳಿದ ಮುಖಕ್ಕೆ ಲೋಹದ ಗೋಡೆ ಕಟ್ಟಿದರೆ ಇಲ್ಲದ ಅರ್ಧದ ಪಾತ್ರವನ್ನು ಗೋಡೆಯೊಳಗಿನ ಪ್ರತಿಬಿಂಬ ವಹಿಸುತ್ತದೆ. ಆವರ್ತನ ಅದೇ, ಸೆರಾಮಿಕ್ ಅರ್ಧ. ಮೊದಲ ಬಿಲ್ಲೆ ಕೊಯ್ಯುವಾಗಲೇ ಚೂರಾಯಿತು. ಎರಡನೆಯದನ್ನು ಗ್ರಾನೈಟ್ ಕೊಯ್ಯುವ ಅಂಗಡಿಗೆ ಒಯ್ದೆ. ಅಲ್ಲಿಯವರು ವಜ್ರದ ಅಲಗಿಗೆ ನೀರು ಬಿಡುತ್ತಾ ನಿಧಾನವಾಗಿ ಸೀಳಿಕೊಟ್ಟರು. ತಾಮ್ರದ ತಗಡು ಅಂಟಿಸಿದರೆ ಮತ್ತೆ ಸಂದಿನ ತಲೆನೋವು ಎಂದು, ಸೀಳಿದ ಮುಖಕ್ಕೆ ಬೆಳ್ಳಿಯ ಪೇಂಟನ್ನೇ ಬಳಿದೆ. ಬ್ಯಾಂಡ್‌ವಿಡ್ತ್ ಶೇ 5ರ ಮೇಲೆ ನಿಂತಿತು. ವಿಕಿರಣ ನೇರ ಮೇಲಕ್ಕೆ ಹೋಗದೆ ಗೋಡೆಯಿಂದಾಚೆಗೆ ವಾಲುತ್ತದೆ, ನಿಜ. ಗೋಡೆಗೆ ತೂಗುಹಾಕುವ ರೂಟರಿಗೆ ಆ ವಾಲಿಕೆಯೇ ಬೇಕಾದದ್ದು.