ಕೋರ್ಟ್ ಕಡತದ ನಕಲು: ಆ್ಯಪ್, ನಕಲು ಶಾಖೆ, ವಕೀಲರು, ಮಾಹಿತಿ ಹಕ್ಕು – ಹಾಸನದಲ್ಲಿ ಯಾವುದು ಕೆಲಸಕ್ಕೆ ಬರುತ್ತದೆ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ನಕಲು ಶಾಖೆಯ ಕಿಟಕಿಗೆ. ಸಕಲೇಶಪುರದಲ್ಲಿ ಕಾಫಿ ತೋಟ ಕೊಳ್ಳುವ ಮುಂಚೆ ದಾವೆ ಇದೆಯೇ ಎಂದು ನೋಡುವವರಿಗಾಗಲಿ, ಅರಸೀಕೆರೆ ಕಡೆ ಅಜ್ಜನ ಕಾಲದ ಆಸ್ತಿ ವಿಭಾಗದ ಡಿಕ್ರಿ (ತೀರ್ಪಿನಂತೆ ಬರೆದ ಕೋರ್ಟ್ ಆದೇಶ) ಹುಡುಕುವವರಿಗಾಗಲಿ ಕೊನೆಗೆ ಬೇಕಾಗುವುದು ಮೊಹರು ಬಿದ್ದ ದೃಢೀಕೃತ ನಕಲು. ಅದನ್ನು ಕೊಡುವುದು ಕೋರ್ಟ್ ಒಂದೇ. ಉಳಿದ ದಾರಿಗಳು ಆ ಕಿಟಕಿಯವರೆಗೆ ಎಷ್ಟು ದೂರ ಕರೆದೊಯ್ಯುತ್ತವೆ ಎನ್ನುವುದರ ಮೇಲೆ ಅವುಗಳ ಬೆಲೆ.

ಇ.ಸಿ. (ಋಣಭಾರ ಪ್ರಮಾಣಪತ್ರ) ತೆಗೆಸಿದ್ದೇವೆ, ಸಾಕಲ್ಲ ಎನ್ನುವವರಿಗೆ ಒಂದು ಮಾತು. ಇ.ಸಿ.ಯಲ್ಲಿ ಬರುವುದು ನೋಂದಣಿಯಾದ ವ್ಯವಹಾರ. ಯಾರೋ ದಾವೆ ಹೂಡಿದ್ದಾರೆ ಎನ್ನುವುದು ಅದರಲ್ಲಿ ಕಾಣಲೇಬೇಕೆಂದಿಲ್ಲ. ದಾವೆ ನಡೆಯುತ್ತಿರುವಾಗ ಕೊಂಡವನು ಅದರ ಫಲಿತಾಂಶಕ್ಕೆ ಕಟ್ಟುಬೀಳುತ್ತಾನೆ ಎಂದು ಸ್ವತ್ತು ವರ್ಗಾವಣೆ ಕಾಯ್ದೆಯ 52ನೇ ಕಲಂ ಹೇಳುತ್ತದೆ. ಆದ್ದರಿಂದ ಕೋರ್ಟ್ ದಾಖಲೆಯನ್ನು ಬೇರೆಯಾಗಿಯೇ ನೋಡಬೇಕು.

ಇ-ಕೋರ್ಟ್ಸ್ ಆ್ಯಪ್

ಕೋರ್ಟ್ ಕೇಸುಗಳ ವಿವರ ತೋರಿಸುವ ಆ್ಯಪ್ ಇದು. ದುಡ್ಡು ಕೊಡಬೇಕಿಲ್ಲ, ಮನೆಯಲ್ಲೇ ಕೂತು ನೋಡಬಹುದು. ಪ್ರತಿ ಕೇಸಿಗೂ ಬೇರೆಯಾಗಿ ಕೊಡುವ ಗುರುತು, ಅಂದರೆ ಹದಿನಾರು ಅಕ್ಷರ-ಅಂಕಿಗಳ ಸಿ.ಎನ್.ಆರ್. ಸಂಖ್ಯೆ ಇದ್ದರೆ ಕೆಲಸ ಒಂದೇ ನಿಮಿಷದ್ದು. ಅದರಲ್ಲಿ ಮೊದಲ ಎರಡಕ್ಷರ ರಾಜ್ಯ, ಮುಂದಿನ ಎರಡು ಜಿಲ್ಲೆ, ಆಮೇಲಿನ ಎರಡಂಕಿ ಯಾವ ನ್ಯಾಯಾಲಯ ಎನ್ನುವುದು, ಕೊನೆಯ ನಾಲ್ಕು ಇಸವಿ. ಆದರೆ ಸಿ.ಎನ್.ಆರ್. ಕೈಯಲ್ಲಿರುವವರು ಯಾರು? ಹೆಚ್ಚಿನವರ ಬಳಿ ಇರುವುದು ಒಂದು ಹೆಸರು, ಅಂದಾಜು ಇಸವಿ, ಅಷ್ಟೇ. ತಲೆನೋವು ಶುರುವಾಗುವುದು ಅಲ್ಲಿ.

ಹೆಸರುಗಳು ದಾಖಲಾಗಿರುವುದು ಇಂಗ್ಲಿಷ್ ಅಕ್ಷರಗಳಲ್ಲಿ. ತಿಮ್ಮೇಗೌಡ ಎನ್ನುವ ಹೆಸರನ್ನೇ ತೆಗೆದುಕೊಳ್ಳಿ. ಟಿ ಆದಮೇಲೆ ಎಚ್ ಇರಬಹುದು, ಇಲ್ಲದಿರಬಹುದು. ಎಂ ಒಂದೋ ಎರಡೋ. ತಿಮ್ಮೇ ಬೇರೆ, ಗೌಡ ಬೇರೆ ಎಂದು ಬಿಡಿಸಿ ಬರೆದಿರಬಹುದು. ಇನಿಷಿಯಲ್ ಒಬ್ಬರು ಹಿಂದೆ ಹಾಕುತ್ತಾರೆ, ಇನ್ನೊಬ್ಬರು ಮುಂದೆ. ಹೆಂಗಸರ ಹೆಸರಿನ ಮುಂದೆ ಶ್ರೀಮತಿ ಸೇರಿರಬಹುದು. ಒಂದೇ ಕುಟುಂಬದ ಮೂರು ಕೇಸುಗಳಲ್ಲಿ ಒಬ್ಬರದೇ ಹೆಸರು ಮೂರು ಥರ ಇರುವುದು ಮಾಮೂಲು. ದಾವೆ ಪತ್ರದಲ್ಲಿ ಹೇಗೆ ಟೈಪಾಗಿತ್ತೋ ಹಾಗೇ ಕಂಪ್ಯೂಟರಿಗೆ ಹೋಗಿರುತ್ತದೆ, ತಿದ್ದುವವರಿಲ್ಲ.

ಹಾಗಾಗಿ ಪೂರ್ತಿ ಹೆಸರು ಹಾಕಬೇಡಿ. ಕನಿಷ್ಠ ಮೂರಕ್ಷರ ಸಾಕು. ಯಾರು ಬರೆದರೂ ಸ್ಪೆಲ್ಲಿಂಗ್ ಬದಲಾಗದ ತುಂಡನ್ನು ಆರಿಸಿ. ಮಂಜುನಾಥನಿಗೆ 'ಮಂಜು' ಸಾಕು. 'ನಾಥ' ಸೇರಿಸಿದಿರೋ, ಎಚ್ ಇದೆಯೋ ಇಲ್ಲವೋ ಎಂಬ ಜೂಜು. ಒಬ್ಬರ ಹೆಸರಲ್ಲಿ ಸಿಗದಿದ್ದರೆ ಎದುರು ಪಕ್ಷದವರ ಹೆಸರಲ್ಲಿ ನೋಡಿ. ಪಟ್ಟಿಯಲ್ಲಿ ಎದ್ದು ಕಾಣುವುದು ಮೊದಲ ವಾದಿ, ಮೊದಲ ಪ್ರತಿವಾದಿ. ಹತ್ತು ಜನ ಅಣ್ಣತಮ್ಮ, ಅಕ್ಕತಂಗಿಯರ ವಿಭಾಗದ ದಾವೆಯಲ್ಲಿ ನಿಮಗೆ ಬೇಕಾದವರು ಏಳನೇ ಪ್ರತಿವಾದಿಯಾಗಿರಬಹುದು. ಕಣ್ಣಿಗೆ ಬಿದ್ದ ಸಾಲನ್ನು ತೆರೆದು ಎಲ್ಲ ಪಕ್ಷಕಾರರನ್ನೂ ಓದಿ.

ಇಸವಿಯಲ್ಲೂ ಎಡವುತ್ತಾರೆ. ಅಲ್ಲಿ ಕೇಳುವುದು ಕೇಸು ನೋಂದಣಿಯಾದ ವರ್ಷವನ್ನು, ತೀರ್ಪಾದ ವರ್ಷವನ್ನಲ್ಲ. 2016ರಲ್ಲಿ ಡಿಕ್ರಿಯಾದ ದಾವೆ 2009ರದ್ದಾಗಿದ್ದರೆ 2016 ಹಾಕಿ ಬೆಳಗಿನವರೆಗೆ ಹುಡುಕಿದರೂ ಬರುವುದಿಲ್ಲ. ಒಂದೊಂದೇ ವರ್ಷ ಹಿಂದೆ ಹೋಗಿ, 'ಬಾಕಿ' ಮತ್ತು 'ವಿಲೇವಾರಿ' ಎರಡನ್ನೂ ಸೇರಿಸಿ ನೋಡಬೇಕು. ಕೋರ್ಟ್ ಸಂಕೀರ್ಣವೂ ಒಂದೊಂದೇ: ಚನ್ನರಾಯಪಟ್ಟಣದ್ದು ಹಾಸನದ ಪಟ್ಟಿಯಲ್ಲಿ ಬರುವುದಿಲ್ಲ. ತಾಲ್ಲೂಕಿನ ಜಮೀನೇ ಆದರೂ ಮೌಲ್ಯ ಹೆಚ್ಚಿದ್ದರೆ ದಾವೆ ಹಿರಿಯ ಸಿವಿಲ್ ನ್ಯಾಯಾಧೀಶರ ಕೋರ್ಟಿನಲ್ಲಿರುತ್ತದೆ ಎನ್ನುವುದನ್ನೂ ಮರೆಯಬೇಡಿ.

ನಂಬರ್ ಗೊತ್ತಿದ್ದವರಿಗೂ ಒಂದು ಗುಂಡಿ ಇದೆ. ಹಿರಿಯ ಸಿವಿಲ್ ಕೋರ್ಟಿಗೆ ಒಂದು ಸರಣಿ, ಹಳಬರು ಇನ್ನೂ ಮುನ್ಸಿಫ್ ಕೋರ್ಟ್ ಎಂದೇ ಕರೆಯುವ ಕಿರಿಯ ಸಿವಿಲ್ ಕೋರ್ಟಿಗೆ ಇನ್ನೊಂದು ಸರಣಿ. ಒಂದೇ ಊರಿನಲ್ಲಿ ಒಂದೇ ಓ.ಎಸ್. (ಮೂಲ ದಾವೆ) ನಂಬರಿನ, ಒಂದೇ ಇಸವಿಯ ಎರಡು ದಾವೆಗಳಿರಬಹುದು. ಹೆಸರು ತಾಳೆ ನೋಡದೆ ಅರ್ಜಿ ಹಾಕಿದರೆ ಬೇರೆ ಯಾರದೋ ತೀರ್ಪು ಮನೆಗೆ ಬರುತ್ತದೆ.

ಆ್ಯಪಿನಿಂದ ಇಳಿಸಿಕೊಂಡ ತೀರ್ಪು ಓದುವುದಕ್ಕೆ ಮಾತ್ರ. ಮೇಲ್ಮನವಿಗೂ ಖಾತೆ ಬದಲಾವಣೆಗೂ ಅದು ನಡೆಯುವುದಿಲ್ಲ. ಗಣಕೀಕರಣಕ್ಕೆ ಹಿಂದಿನ ಕೇಸುಗಳಾದರೆ ತೀರ್ಪಿನ ಪ್ರತಿಯನ್ನು ಅಲ್ಲಿ ನಿರೀಕ್ಷಿಸಲೇಬೇಡಿ. ಪೋಕ್ಸೋ, ಅತ್ಯಾಚಾರ, ದಾಂಪತ್ಯದ ಪ್ರಕರಣಗಳ ವಿವರ ಮರೆಯಲ್ಲಿರುತ್ತದೆ, ಇರಬೇಕಾದದ್ದೇ.

ಆ್ಯಪಿನಲ್ಲಿ ಏನೂ ಸಿಗದಿದ್ದರೆ ಪಹಣಿಯ 11ನೇ ಕಾಲಂ ನೋಡಿ. ತಡೆಯಾಜ್ಞೆ, ಕೋರ್ಟ್ ಆದೇಶದ ನಂಬರ್ ಅಲ್ಲಿ ಕೂತಿರುವುದುಂಟು. ಡಿಕ್ರಿ ಆಧಾರದ ಮೇಲೆ ಖಾತೆಯಾಗಿದ್ದರೆ ಎಂ.ಆರ್. (ಖಾತೆ ಬದಲಾವಣೆ ದಾಖಲೆ) ಪ್ರತಿಯಲ್ಲಿ ದಾವೆಯ ನಂಬರ್ ಬರೆದಿರುತ್ತಾರೆ. ಸ್ಪೆಲ್ಲಿಂಗ್ ಗುದ್ದಾಟಕ್ಕಿಂತ ಈ ದಾರಿ ಎಷ್ಟೋ ವಾಸಿ.

ನಕಲು ಶಾಖೆ

ಕೇಸು ಯಾವ ಕೋರ್ಟಿನದೋ ಆ ಕೋರ್ಟಿನಲ್ಲೇ ಅರ್ಜಿ. ಬೇಲೂರಿನ ಕೇಸಿಗೆ ಹಾಸನದಲ್ಲಿ ಸಾಲು ನಿಂತು ಪ್ರಯೋಜನವಿಲ್ಲ. ಅರ್ಜಿಯಲ್ಲಿ ನ್ಯಾಯಾಲಯದ ಪೂರ್ತಿ ಹೆಸರು, ಕೇಸಿನ ಬಗೆ, ನಂಬರ್, ಇಸವಿ, ಎರಡೂ ಪಕ್ಷದವರ ಹೆಸರು, ವಿಲೇವಾರಿಯಾದ ಅಥವಾ ಮುಂದಿನ ತಾರೀಖು, ನೀವು ಪಕ್ಷಕಾರರೋ ಹೊರಗಿನವರೋ ಎನ್ನುವುದು, ಬೇಕಾದ ಕಾಗದಗಳ ಪಟ್ಟಿ ಇಷ್ಟಿರಬೇಕು. ಕೋರ್ಟ್ ಫೀ ಸ್ಟಾಂಪ್ ಅಂಟಿಸಿ ಕೊಟ್ಟಮೇಲೆ ಸಿ.ಎ. ನಂಬರ್ (ನಕಲು ಅರ್ಜಿಯ ಸಂಖ್ಯೆ) ಕೇಳಿ ಬರೆದುಕೊಳ್ಳಿ. ಮುಂದೆ ಎಲ್ಲದಕ್ಕೂ ಆ ನಂಬರೇ ಬೇಕು.

ಬೇಕಾದ ಕಾಗದಗಳ ಪಟ್ಟಿಯಲ್ಲೇ ಹೆಚ್ಚಿನ ಅರ್ಜಿಗಳು ಕೆಡುವುದು. 'ಪೂರ್ತಿ ಕಡತ' ಎಂದು ಬರೆಯಬೇಡಿ. ದಾವಾ ಪತ್ರ ಷೆಡ್ಯೂಲ್ (ಆಸ್ತಿ ವಿವರದ ಪಟ್ಟಿ) ಸಮೇತ, ಪ್ರತಿವಾದಿಯ ಲಿಖಿತ ಹೇಳಿಕೆ, ತೀರ್ಪು, ಡಿಕ್ರಿ, ನಿಶಾನೆ ಪಿ-3 (ವಾದಿಯ ದಾಖಲೆ), ನಿಶಾನೆ ಡಿ-1 (ಪ್ರತಿವಾದಿಯ ದಾಖಲೆ) ಎಂದು ಬಿಡಿಬಿಡಿಯಾಗಿ ಬರೆಯಿರಿ. ನಿಶಾನೆ ನಂಬರ್ ಎಲ್ಲಿ ಸಿಗುತ್ತದೆ? ತೀರ್ಪಿನ ಕೊನೆಯಲ್ಲಿ ಗುರುತಿಸಿದ ದಾಖಲೆಗಳ ಪಟ್ಟಿಯೇ ಇರುತ್ತದೆ. ಅದಕ್ಕೇ ಮೊದಲು ತೀರ್ಪಿನ ನಕಲು, ಅದನ್ನು ಓದಿ ಎರಡನೇ ಅರ್ಜಿಯಲ್ಲಿ ದಾಖಲೆಗಳು. ಓಡಾಟ ಹೆಚ್ಚಾದರೂ ಪುಟದ ಲೆಕ್ಕದ ಶುಲ್ಕ ಉಳಿಯುತ್ತದೆ.

ವಿಭಾಗದ ದಾವೆಯಾದರೆ ಇನ್ನೂ ಜಾಗ್ರತೆ ಬೇಕು. ಓ.ಎಸ್. ನಂಬರಿನಲ್ಲಿ ಸಿಗುವುದು ಪ್ರಾಥಮಿಕ ಡಿಕ್ರಿ: ಯಾರಿಗೆ ಎಷ್ಟು ಪಾಲು ಎನ್ನುವಷ್ಟೇ. ಯಾವ ಸರ್ವೆ ನಂಬರಿನಲ್ಲಿ ಯಾವ ಕಡೆಯ ಎಷ್ಟು ಗುಂಟೆ ಎಂದು ಅಳೆದು ಹಂಚುವ ಅಂತಿಮ ಡಿಕ್ರಿ ಎಫ್.ಡಿ.ಪಿ. ಎಂಬ ಬೇರೆ ನಂಬರಿನಲ್ಲಿರುತ್ತದೆ. ಪ್ರಾಥಮಿಕ ಡಿಕ್ರಿ ಹಿಡಿದು ತಾಲ್ಲೂಕು ಕಚೇರಿಗೆ ಹೋದರೆ ಖಾತೆಯಾಗುವುದಿಲ್ಲ. ಎಫ್.ಡಿ.ಪಿ. ಮುಗಿದಿದೆ, ಆದರೂ ಡಿಕ್ರಿ ನಕಲು ಇಲ್ಲ ಎನ್ನುತ್ತಾರೆಯೇ? ಛಾಪಾ ಕಾಗದ ಒದಗಿಸಿದ್ದಾರಾ ಎಂದು ಮೊದಲು ವಿಚಾರಿಸಿ. ಅಂತಿಮ ಡಿಕ್ರಿಯನ್ನು ಛಾಪಾ ಕಾಗದದ ಮೇಲೇ ಬರೆಯಬೇಕು. ಪಾಲುದಾರರು ಅದನ್ನು ತಂದುಕೊಡದೆ ಬಿಟ್ಟ ಕಡತಗಳಲ್ಲಿ ಆದೇಶವಿರುತ್ತದೆ, ಡಿಕ್ರಿಯೇ ಇರುವುದಿಲ್ಲ. ಇಲ್ಲದ್ದಕ್ಕೆ ನಕಲು ಎಲ್ಲಿಂದ ಬರಬೇಕು?

ಅರ್ಜಿ ಹಾಕಿದ ಮೇಲೆ ನೋಟಿಸ್ ಬೋರ್ಡ್ ಮೇಲೆ ಕಣ್ಣಿರಲಿ. ಇಷ್ಟು ಪುಟ, ಇಷ್ಟು ಶುಲ್ಕ ಎಂದು ಪಟ್ಟಿ ಹಾಕುತ್ತಾರೆ. ಗಡುವಿನೊಳಗೆ ಕಟ್ಟದಿದ್ದರೆ ಅರ್ಜಿ ವಜಾ, ಮತ್ತೆ ಮೊದಲಿಂದ. ಮೇಲ್ಮನವಿ ಹಾಕುವವರಿಗೆ ಇದು ಬರೀ ಅನನುಕೂಲವಲ್ಲ. ಜಿಲ್ಲಾ ನ್ಯಾಯಾಲಯಕ್ಕೆ ಮೇಲ್ಮನವಿಗೆ 30 ದಿನ, ಹೈಕೋರ್ಟಿಗೆ 90 ದಿನ. ನಕಲು ತಯಾರಾಗಲು ಹಿಡಿದ ಸಮಯವನ್ನು ಕಾಲಮಿತಿ ಕಾಯ್ದೆಯ 12ನೇ ಕಲಮಿನಡಿ ಕಳೆಯುತ್ತಾರೆ, ಆದರೆ ಶುಲ್ಕ ಕಟ್ಟದೆ ನೀವೇ ಸುಮ್ಮನಿದ್ದ ದಿನಗಳಿಗೆ ಆ ರಿಯಾಯಿತಿ ನೆಚ್ಚಿಕೊಳ್ಳುವಂತಿಲ್ಲ. ಡಿಕ್ರಿ ಇನ್ನೂ ಬರೆದಾಗಿಲ್ಲ, ಆಮೇಲೆ ಅರ್ಜಿ ಹಾಕೋಣ ಎಂದು ಕಾಯುವುದೂ ತಪ್ಪೇ. ಅರ್ಜಿಗೆ ಮುಂಚೆ ಡಿಕ್ರಿ ಬರೆಯಲು ಕೋರ್ಟ್ ತೆಗೆದುಕೊಂಡ ಸಮಯ ಲೆಕ್ಕದಿಂದ ಹೋಗುವುದಿಲ್ಲ. ತೀರ್ಪು ಹೇಳಿದ ದಿನವೇ ಅರ್ಜಿ ಕೊಡಿ.

'ಕಡತ ಬಂದಿಲ್ಲ' ಎಂಬ ಉತ್ತರ ಬಂದರೆ ರೇಗುವ ಮೊದಲು ಆ್ಯಪಿನಲ್ಲಿ ಮೇಲ್ಮನವಿ ಇದೆಯೇ ನೋಡಿ. ಆರ್.ಎ. (ಮೊದಲ ಮೇಲ್ಮನವಿ) ಅಥವಾ ಆರ್.ಎಸ್.ಎ. (ಹೈಕೋರ್ಟಿನ ಎರಡನೇ ಮೇಲ್ಮನವಿ) ನಡೆಯುತ್ತಿದ್ದರೆ ಕೆಳಗಿನ ಕೋರ್ಟಿನ ಕಡತವನ್ನು ಮೇಲಿನವರು ತರಿಸಿಕೊಂಡಿರುತ್ತಾರೆ. ಆಗ ಅರ್ಜಿ ಅಲ್ಲಿಗೆ. ಹಾಸನ, ಚಿಕ್ಕಮಗಳೂರು ಎರಡಕ್ಕೂ ಹೈಕೋರ್ಟ್ ಎಂದರೆ ಬೆಂಗಳೂರಿನ ಪ್ರಧಾನ ಪೀಠ.

ಕೇಸಿಗೆ ಸಂಬಂಧಪಡದ ಹೊರಗಿನವರೂ ಕೇಳಬಹುದು. ನಕಲು ಯಾಕೆ ಬೇಕು ಎಂದು ಪ್ರಮಾಣಪತ್ರ (ಅಫಿಡವಿಟ್) ಕೊಡಬೇಕು, ನ್ಯಾಯಾಧೀಶರು ಒಪ್ಪಬೇಕು. 'ಮಾಹಿತಿಗಾಗಿ' ಎಂದು ಬರೆದರೆ ತಿರಸ್ಕಾರ ಖಚಿತ ಎಂದೇ ಇಟ್ಟುಕೊಳ್ಳಿ. 'ಇಂಥ ಸರ್ವೆ ನಂಬರಿನ ಜಮೀನು ಕೊಳ್ಳಲು ಕರಾರು ಮಾಡಿಕೊಂಡಿದ್ದೇನೆ, ಪ್ರತಿ ಲಗತ್ತಿಸಿದೆ' ಎಂದು ಬರೆದರೆ ಅರ್ಜಿಗೆ ಕಾಲು ಬರುತ್ತದೆ. ಕ್ರಿಮಿನಲ್ ಕೇಸಿನಲ್ಲಿ ಜೈಲು ಶಿಕ್ಷೆಯಾದವರಿಗೆ ತೀರ್ಪಿನ ಪ್ರತಿ ಉಚಿತ.

ವಕೀಲರ ಮೂಲಕ

ಕಿಟಕಿ ಅದೇ, ನಿಲ್ಲುವವರು ಬೇರೆ. ವಕೀಲರಿಗೆ ಇರುವ ದೊಡ್ಡ ಅನುಕೂಲ ಕಡತ ವೀಕ್ಷಣೆ: ಅನುಮತಿ ಪಡೆದು ಕಡತ ತಿರುವಿ ಹಾಕಿ, ಯಾವ ಹಾಳೆ ಬೇಕು ಎಂದು ಗುರುತು ಮಾಡಿಕೊಂಡು ಬರುತ್ತಾರೆ. ಹೇಮಾವತಿ ಜಲಾಶಯಕ್ಕೆ ಭೂಮಿ ಬಿಟ್ಟುಕೊಟ್ಟವರ ಪರಿಹಾರದ ಎಲ್.ಎ.ಸಿ. (ಭೂಸ್ವಾಧೀನ ಪ್ರಕರಣ) ಕಡತಗಳಂಥ ಹಳೇ ದಪ್ಪ ಕಟ್ಟುಗಳಿಗೆ ಇದು ಬೇಕೇ ಬೇಕು. ಬರೀ ತೀರ್ಪಿನ ನಕಲಿಗೆ ವಕೀಲರ ಶುಲ್ಕ ಕೊಡುವುದು ನನ್ನ ಜೇಬಿಗೆ ಒಗ್ಗದ ಮಾತು.

ಮಾಹಿತಿ ಹಕ್ಕು

ಹತ್ತು ರೂಪಾಯಿ, ಮೂವತ್ತು ದಿನ ಎಂದು ಆಸೆಪಟ್ಟು ಹಾಕುವವರು ಬಹಳ. ನ್ಯಾಯಾಂಗದ ಕಡತಕ್ಕೆ ಈ ದಾರಿ ಮುಚ್ಚಿದೆ. ಗುಜರಾತ್ ಹೈಕೋರ್ಟಿಗೆ ಸಂಬಂಧಿಸಿದ ಪ್ರಕರಣದಲ್ಲಿ 2020ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್, ಇಂಥ ನಕಲುಗಳನ್ನು ಕೋರ್ಟಿನ ನಿಯಮದಂತೆಯೇ ಪಡೆಯಬೇಕು, ಮಾಹಿತಿ ಹಕ್ಕಿನಲ್ಲಿ ಅಲ್ಲ ಎಂದು ಹೇಳಿಬಿಟ್ಟಿದೆ. ಮೂವತ್ತು ದಿನ ಕಾದು ಸಿಗುವುದು 'ನಕಲು ಶಾಖೆಯಲ್ಲಿ ಅರ್ಜಿ ಹಾಕಿ' ಎಂಬ ಹಿಂಬರಹ. ಅಷ್ಟರಲ್ಲಿ ಜಿಲ್ಲಾ ನ್ಯಾಯಾಲಯದ ಮೇಲ್ಮನವಿಯ ಗಡುವು ಮುಗಿದಿರುತ್ತದೆ.

ಆದರೆ ಕಂದಾಯದ ಕಡೆ ಲೆಕ್ಕ ತಿರುಗುಮುರುಗು. ಎ.ಸಿ. (ಉಪವಿಭಾಗಾಧಿಕಾರಿ) ಕೋರ್ಟಿನ ಪಿ.ಟಿ.ಸಿ.ಎಲ್. (ಪರಿಶಿಷ್ಟರಿಗೆ ಮಂಜೂರಾದ ಜಮೀನಿನ ಪರಭಾರೆ ನಿಷೇಧ) ಆದೇಶ, ಖಾತೆ ತಕರಾರು, ಭೂ ನ್ಯಾಯಮಂಡಳಿಯ ಫಾರಂ 7ರ (ಗೇಣಿದಾರರ ಅರ್ಜಿ) ಆದೇಶ ಇವು ಇ-ಕೋರ್ಟ್ಸ್ ಆ್ಯಪಿನಲ್ಲಿ ಇಲ್ಲ, ಜಿಲ್ಲಾ ನ್ಯಾಯಾಲಯದ ನಕಲು ಶಾಖೆಯಲ್ಲೂ ಇಲ್ಲ. ಭೂ ನ್ಯಾಯಮಂಡಳಿಯ ಕಡತ ತಾಲ್ಲೂಕು ಕಚೇರಿಯ ಅಭಿಲೇಖಾಲಯದಲ್ಲಿ, ಎ.ಸಿ. ಆದೇಶಗಳು ಉಪವಿಭಾಗದ ಕಚೇರಿಯಲ್ಲಿ: ಈ ಕಡೆ ಹಾಸನ ಅಥವಾ ಸಕಲೇಶಪುರ, ಆ ಕಡೆ ಚಿಕ್ಕಮಗಳೂರು ಅಥವಾ ತರೀಕೆರೆ. ಮೊದಲು ಅಲ್ಲೇ ನಕಲಿಗೆ ಅರ್ಜಿ. ಕಡತ ಹುಡುಕುತ್ತಿದ್ದೇವೆ ಎಂದು ಎಳೆದಾಡಿದರೆ ಮಾಹಿತಿ ಹಕ್ಕಿನ ಅರ್ಜಿ ಕೆಲಸ ಮಾಡುತ್ತದೆ, ಏಕೆಂದರೆ ಲಿಖಿತ ಉತ್ತರ ಕೊಡಲೇಬೇಕು. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಕೇಸು ನಂಬರ್, ಸರ್ವೆ ನಂಬರ್, ಗ್ರಾಮ, ಹೋಬಳಿ ಬರೆದು ನಿಲ್ಲಿಸಿ.

ಕೆಲಸದ ದಿನ ಬೆಳಿಗ್ಗೆ ಕೋರ್ಟಿಗೆ ಹೋಗಿಬರಬಲ್ಲವರಿಗೆ, ಕಾಗದ ಓದಿ ಅಭ್ಯಾಸವಿರುವವರಿಗೆ ನನ್ನ ಸಲಹೆ: ಆ್ಯಪಿನಲ್ಲಿ ನಂಬರ್, ಕಿಟಕಿಯಲ್ಲಿ ಅರ್ಜಿ, ಎರಡೇ. ಬೆಂಗಳೂರಿನಲ್ಲಿ ನೆಲೆಸಿ ರಜೆಗೆ ಊರಿಗೆ ಬರುವವರು ವಕೀಲರಿಗೇ ಒಪ್ಪಿಸಿ, ಬಸ್ ಚಾರ್ಜಿನಲ್ಲೇ ಅವರ ಶುಲ್ಕ ಹೊಂದಿಕೊಳ್ಳುತ್ತದೆ. ಯಾರೇ ತಂದರೂ ನಕಲು ಕೈಗೆ ಬಂದ ಕೂಡಲೇ ಕಿಟಕಿ ಬಿಡುವ ಮುಂಚೆ ನೋಡಬೇಕಾದವು: ಪ್ರತಿ ಪುಟದ ಮೊಹರು, ಕೊನೆಯ ಪುಟದಲ್ಲಿ ಅರ್ಜಿ ಕೊಟ್ಟ, ಶುಲ್ಕ ಕಟ್ಟಿದ, ನಕಲು ತಯಾರಾದ ತಾರೀಖುಗಳು, ಮತ್ತು ಡಿಕ್ರಿಯ ಹಿಂದೆ ಷೆಡ್ಯೂಲ್ ಪುಟ. ಷೆಡ್ಯೂಲ್ ಬಿಟ್ಟುಹೋದ ಡಿಕ್ರಿಯಲ್ಲಿ ಸರ್ವೆ ನಂಬರೂ ಇಲ್ಲ, ಚೆಕ್ಕುಬಂದಿಯೂ ಇಲ್ಲ. ಅಂಥದ್ದನ್ನು ಅಲ್ಲೇ ವಾಪಸ್ ಕೊಟ್ಟು ಸರಿಮಾಡಿಸಿಕೊಳ್ಳಿ.