ವಿಂಡೋಸ್‌ನಲ್ಲಿ ಹಾಜರ್, ಲಿನಕ್ಸ್‌ನಲ್ಲಿ ಗೈರು: ಒಂದು ಯುಎಸ್‌ಬಿ ವೈಫೈ ಅಡಾಪ್ಟರ್ ಜತೆ ಮೂರು ವರ್ಷ

ಅಂಕ ಮೊದಲೇ ಹೇಳಿಬಿಡುತ್ತೇನೆ: ಐದಕ್ಕೆ ಮೂರೂವರೆ. ಕೊಂಡ ಆರು ತಿಂಗಳಿಗೆ ಕೇಳಿದ್ದರೆ ಒಂದು ಕೊಟ್ಟು ಕೈ ತೊಳೆದುಕೊಳ್ಳುತ್ತಿದ್ದೆ. ಆಗ ನಾನು ಅದರ ತಲೆಗೆ ಕಟ್ಟಿದ ತಪ್ಪುಗಳಲ್ಲಿ ಅರ್ಧ ಅದರವಲ್ಲ ಎಂದು ಗೊತ್ತಾಗಲು ಇಷ್ಟು ಕಾಲ ಹಿಡಿಯಿತು.

ಕೊಂಡದ್ದು 2022ರ ಕೊನೆಯಲ್ಲಿ. ಲ್ಯಾಪ್‌ಟಾಪ್ ಒಳಗಿನ ವೈಫೈ ಕಾರ್ಡ್ ಸತ್ತುಹೋಗಿತ್ತು. ಇದು ಎಸಿ600 ವರ್ಗದ ಪುಟ್ಟ ಅಡಾಪ್ಟರ್. (ಆ 600 ಅಂದರೆ 2.4 ಗಿಗಾಹರ್ಟ್ಸ್‌ನ 150 ಮತ್ತು 5 ಗಿಗಾಹರ್ಟ್ಸ್‌ನ 433 ಮೆಗಾಬಿಟ್ ಕೂಡಿಸಿ, ಮೇಲಕ್ಕೆ ತಳ್ಳಿದ ಲೆಕ್ಕ. ಎರಡೂ ಒಟ್ಟಿಗೆ ಸಿಗುವುದೇ ಇಲ್ಲ, ಆಸೆ ಇಟ್ಟುಕೊಳ್ಳಬೇಡಿ.) ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್, ಉಬುಂಟು (ಲಿನಕ್ಸ್‌ನ ಒಂದು ಬಗೆ) ಎರಡೂ ಇವೆ. ಕಚೇರಿ ಕೆಲಸಕ್ಕೆ ವಿಂಡೋಸ್, ಸ್ವಂತ ಕೆಲಸಕ್ಕೆ ಉಬುಂಟು.

ವಿಂಡೋಸ್‌ನಲ್ಲಿ ಚುಚ್ಚಿದ ತಕ್ಷಣ ಒಂದು ಸಿಡಿ ಡ್ರೈವ್ ಕಾಣಿಸಿತು. ಅದರೊಳಗೇ ಡ್ರೈವರ್ (ಅಡಾಪ್ಟರನ್ನು ಕಂಪ್ಯೂಟರಿಗೆ ಪರಿಚಯಿಸಿ ನಡೆಸುವ ತಂತ್ರಾಂಶ) ಇತ್ತು. ಇನ್‌ಸ್ಟಾಲ್ ಮಾಡಿದೆ, ಸಿಡಿ ಮಾಯವಾಯಿತು, ವೈಫೈ ಬಂತು. ಉಬುಂಟುವಿನಲ್ಲೂ ಸಿಡಿ ಬಂತು. ಆದರೆ ಅಲ್ಲೇ ಕೂತಿತು. ವೈಫೈ ಪಟ್ಟಿ ಖಾಲಿ.

ಇಲ್ಲಿ ನಾನು ಎರಡು ದಿನ ಹಾಳುಮಾಡಿದೆ. ಡ್ರೈವರ್ ಇಲ್ಲ ಅಂದುಕೊಂಡು ಹುಡುಕಾಟಕ್ಕೆ ಹೊರಟೆ. ಇಂಟರ್ನೆಟ್ ಬರಲು ಡ್ರೈವರ್ ಬೇಕು, ಡ್ರೈವರ್ ತರಲು ಇಂಟರ್ನೆಟ್ ಬೇಕು. ಬೀಗದ ಕೈ ಪೆಟ್ಟಿಗೆಯೊಳಗಿಟ್ಟು ಬೀಗ ಹಾಕಿದ ಕಥೆ. ಕೊನೆಗೆ ಫೋನನ್ನು ಕೇಬಲ್‌ನಲ್ಲಿ ಜೋಡಿಸಿ ಯುಎಸ್‌ಬಿ ಟೆದರಿಂಗ್ ಹಾಕಿಕೊಂಡೆ. ಅದಕ್ಕೆ ಯಾವ ಡ್ರೈವರೂ ಕೇಳಲಿಲ್ಲ. ಆಮೇಲೆ ಟರ್ಮಿನಲ್‌ನಲ್ಲಿ ಎಲ್‌ಎಸ್‌ಯುಎಸ್‌ಬಿ (ಜೋಡಿಸಿದ ಯುಎಸ್‌ಬಿ ಸಾಧನಗಳ ಪಟ್ಟಿ ತೋರಿಸುವ ಆಜ್ಞೆ) ಕೊಟ್ಟು ನೋಡಿದರೆ ಅಡಾಪ್ಟರ್ ಪಟ್ಟಿಯಲ್ಲಿದೆ, ಆದರೆ ಡಿಸ್ಕ್ ಅನ್ನುವ ಹೆಸರಲ್ಲಿ! ಇಂಥ ಅಡಾಪ್ಟರ್‌ಗಳು ಹುಟ್ಟುವಾಗ ಸಿಡಿಯಾಗಿ ಹುಟ್ಟುತ್ತವೆ. ಯಾರಾದರೂ ‘ಸಾಕು, ಈಗ ವೈಫೈ ಆಗು’ ಎಂದು ಹೇಳಬೇಕು. ವಿಂಡೋಸ್‌ನಲ್ಲಿ ಆ ಮಾತನ್ನು ಕಂಪನಿಯ ಡ್ರೈವರ್ ಹೇಳುತ್ತದೆ, ಲಿನಕ್ಸ್‌ನಲ್ಲಿ ಯುಎಸ್‌ಬಿ ಮೋಡ್‌ಸ್ವಿಚ್ ಎಂಬ ಸಣ್ಣ ಪ್ರೋಗ್ರಾಂ. ನನ್ನ ಅಡಾಪ್ಟರ್‌ನ ಐಡಿ ಅದರ ಪಟ್ಟಿಯಲ್ಲಿರಲಿಲ್ಲ. ಒಂದು ಸಾಲು ಸೇರಿಸಿದೆ, ರೂಪ ಬದಲಿಸಿತು.

ರೂಪ ಬದಲಿಸಿದ ಮೇಲೂ ಡ್ರೈವರ್ ಬೇಕೇ ಬೇಕಲ್ಲ. ಆಗಿನ ಕರ್ನಲ್‌ನಲ್ಲಿ (ಅಂದರೆ ಲಿನಕ್ಸ್‌ನ ತಿರುಳಿನಲ್ಲಿ) ಈ ಚಿಪ್‌ಗೆ ಡ್ರೈವರ್ ಇರಲಿಲ್ಲ. ಹೊರಗಿನಿಂದ ತಂದು ಡಿಕೆಎಂಎಸ್ (ಕರ್ನಲ್ ಬದಲಾದಾಗಲೆಲ್ಲ ಹೊರಗಿನ ಡ್ರೈವರನ್ನು ಮತ್ತೆ ಕಟ್ಟುವ ವ್ಯವಸ್ಥೆ) ಮೂಲಕ ಕಟ್ಟಿದೆ. ಕಟ್ಟಿತು, ಲೋಡ್ ಆಗಲಿಲ್ಲ: ಸೆಕ್ಯೂರ್ ಬೂಟ್ ಎಂಬ ಕಾವಲು ಆನ್ ಇತ್ತು, ಸಹಿ ಇಲ್ಲದ ಮಾಡ್ಯೂಲನ್ನು (ಹಾಗೆ ಕಟ್ಟಿದ ಡ್ರೈವರನ್ನು) ಕರ್ನಲ್ ಒಳಗೆ ಬಿಡಲಿಲ್ಲ. ಸೆಕ್ಯೂರ್ ಬೂಟನ್ನೇ ಆಫ್ ಮಾಡಿ ಎಂದು ಸಲಹೆ ಕೊಡುವವರು ಬಹಳ. ಮಾಡಬೇಡಿ. ಡಿಸ್ಕ್‌ಗೆ ಬಿಟ್‌ಲಾಕರ್ (ವಿಂಡೋಸ್‌ನ ಡಿಸ್ಕ್ ಬೀಗ) ಹಾಕಿದ್ದರೆ ಮುಂದಿನ ಸಲ ವಿಂಡೋಸ್ ರಿಕವರಿ ಕೀ ಕೇಳಿ ಕೂರಬಹುದು. ಬದಲು, ಇನ್‌ಸ್ಟಾಲ್ ಹೊತ್ತಿಗೆ ಒಂದು ಪಾಸ್‌ವರ್ಡ್ ಕೇಳುತ್ತದೆ; ಅದನ್ನು ನೆನಪಿಟ್ಟುಕೊಂಡು ರೀಸ್ಟಾರ್ಟ್ ಮಾಡಿ, ಬರುವ ನೀಲಿ ಪರದೆಯಲ್ಲಿ ಸಹಿಯ ಕೀ ನೋಂದಾಯಿಸಿದರೆ ಆಯಿತು. ನಾನು ಮೊದಲ ಸಲ ಆ ಪರದೆಗೆ ಹೆದರಿ ಎಂಟರ್ ಒತ್ತಿ ಮುಂದೆ ಹೋಗಿಬಿಟ್ಟಿದ್ದೆ.

ಆಮೇಲಿನ ಕೆಲವು ತಿಂಗಳು ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಪ್ರತಿ ದೊಡ್ಡ ಕರ್ನಲ್ ಅಪ್‌ಡೇಟ್ ಆದಾಗಲೂ ಮಾಡ್ಯೂಲ್ ಮುರಿಯುವ ಭಯ, ಎರಡು ಸಲ ಮುರಿದೂ ಮುರಿಯಿತು. 2023ರ ಫೆಬ್ರುವರಿಯ ಲಿನಕ್ಸ್ 6.2ರಲ್ಲಿ ಈ ಚಿಪ್ ಸಂಸಾರಕ್ಕೆ ಕರ್ನಲ್ ಒಳಗೇ ಡ್ರೈವರ್ ಬಂತು, ಉಬುಂಟು 22.04ಕ್ಕೆ ಆ ಕರ್ನಲ್ ಸಿಕ್ಕಿದ್ದು ಆಗಸ್ಟ್‌ನಲ್ಲಿ. ಹಳೆಯ ಹೊರಗಿನ ಡ್ರೈವರನ್ನು ಮರೆಯದೆ ತೆಗೆದುಹಾಕಿ. ಎರಡೂ ಇದ್ದರೆ ಒಂದೇ ಅಡಾಪ್ಟರ್‌ಗೆ ಕಿತ್ತಾಡುತ್ತವೆ.

ಇಷ್ಟಾದ ಮೇಲೂ ಒಂದು ಕಾಟ ಉಳಿಯಿತು. ವಾರಕ್ಕೆ ಎರಡು-ಮೂರು ಸಲ ಉಬುಂಟುವಿನಲ್ಲಿ ವೈಫೈ ಇರುತ್ತಿರಲಿಲ್ಲ. ಯಾವಾಗ, ಯಾಕೆ ಎಂದು ಲೆಕ್ಕವೇ ಸಿಗದು. ಪೋರ್ಟ್ ಸಡಿಲ ಅಂದುಕೊಂಡೆ, ಅಡಾಪ್ಟರ್ ಬಿಸಿಯಾಗುತ್ತದೆ ಅಂದುಕೊಂಡೆ (ಆಗುತ್ತದೆ ಕೂಡ, ಮುಟ್ಟಿದರೆ ಗೊತ್ತಾಗುತ್ತದೆ). ಕೊನೆಗೆ ಒಂದು ಹಾಳೆಯಲ್ಲಿ ಹದಿನೈದು ದಿನ ಬರೆದಿಟ್ಟೆ: ಎಲ್ಲಿಂದ ಬಂದೆ, ಹೇಗೆ ಬಂದೆ. ಹಾಳೆ ನೋಡಿದರೆ ಸ್ಪಷ್ಟ. ವಿಂಡೋಸ್‌ನಿಂದ ರೀಸ್ಟಾರ್ಟ್ ಕೊಟ್ಟು ನೇರ ಉಬುಂಟುವಿಗೆ ಬಂದ ದಿನಗಳಲ್ಲೇ ಗೈರು. ರೀಸ್ಟಾರ್ಟ್ ಮಾಡುವಾಗ ಯುಎಸ್‌ಬಿ ಪೋರ್ಟ್‌ಗೆ ಹೋಗುವ ಕರೆಂಟು ನನ್ನ ಲ್ಯಾಪ್‌ಟಾಪ್‌ನಲ್ಲಿ ಕಡಿಯುವುದಿಲ್ಲ. ವಿಂಡೋಸ್ ಡ್ರೈವರ್ ತುಂಬಿದ ಫರ್ಮ್‌ವೇರ್ (ಚಿಪ್ ಒಳಗೆ ಓಡುವ ತಂತ್ರಾಂಶ) ಇಟ್ಟುಕೊಂಡೇ ಅಡಾಪ್ಟರ್ ಎಚ್ಚರವಾಗಿರುತ್ತದೆ. ಲಿನಕ್ಸ್ ಬಂದು ತನ್ನದನ್ನು ತುಂಬಲು ಹೋದರೆ ಒಪ್ಪುವುದಿಲ್ಲ. ಕರ್ನಲ್ ಲಾಗ್‌ನಲ್ಲಿ ಫರ್ಮ್‌ವೇರ್ ಇಳಿಸಲು ಆಗಲಿಲ್ಲ ಎಂಬ ಸಾಲು ಮೊದಲಿನಿಂದಲೂ ಇತ್ತು, ನಾನು ಓದಿರಲಿಲ್ಲ ಅಷ್ಟೆ. ಕಿತ್ತು ಹತ್ತು ಸೆಕೆಂಡ್ ಬಿಟ್ಟು ಚುಚ್ಚಿದರೆ ಸರಿ. ಈಗ ರೀಸ್ಟಾರ್ಟ್ ಬದಲು ಪೂರ್ತಿ ಶಟ್‌ಡೌನ್ ಮಾಡುತ್ತೇನೆ, ಅದೂ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ. ಅದು ಆನ್ ಇದ್ದರೆ ವಿಂಡೋಸ್‌ನ ಶಟ್‌ಡೌನ್ ನಿಜವಾದ ಶಟ್‌ಡೌನ್ ಅಲ್ಲ. ಕರ್ನಲ್ಲನ್ನೂ ಡ್ರೈವರ್‌ಗಳನ್ನೂ ಡಿಸ್ಕ್‌ಗೆ ಬರೆದಿಟ್ಟು ಮಲಗುವುದು. ವಿಂಡೋಸ್ ಪಾರ್ಟಿಷನ್ ಲಿನಕ್ಸ್‌ನಲ್ಲಿ ಬರೆಯಲು ಬಿಡದಿದ್ದರೆ ಅದಕ್ಕೂ ಇದೇ ಕಾರಣ ಇರಬಹುದು, ನೋಡಿಕೊಳ್ಳಿ.

ಎರಡು ಓಎಸ್ ಇರುವುದನ್ನು ಶಾಪ ಅಂದುಕೊಂಡಿದ್ದೆ, ಕಾಯಿಲೆ ಹುಡುಕಲು ಅದೇ ಒಳ್ಳೆಯ ಸಾಧನ. ಕಳೆದ ವರ್ಷ ಮತ್ತೆ ಅಡಾಪ್ಟರ್ ಕಾಣದಾದಾಗ ಎರಡೂ ಕಡೆ ನೋಡಿದೆ. ವಿಂಡೋಸ್‌ನಲ್ಲಿ ಕೋಡ್ 43, ಉಬುಂಟು ಲಾಗ್‌ನಲ್ಲಿ ದೋಷ -71. ಎರಡೂ ಕಡೆ ಡಿಸ್ಕ್ರಿಪ್ಟರ್ (ಸಾಧನ ತಾನು ಯಾರೆಂದು ಹೇಳುವ ಮಾಹಿತಿ) ಓದಲಾಗಲಿಲ್ಲ ಎಂಬ ಒಂದೇ ದೂರು, ಅಂದರೆ ಡ್ರೈವರ್ ತನಕ ಮಾತೇ ಹೋಗಿಲ್ಲ. ನಡುವೆ ಇದ್ದ ಎಕ್ಸ್‌ಟೆನ್ಷನ್ ಕೇಬಲ್ ತೆಗೆದೆ, ಮುಗಿಯಿತು. ಒಂದು ಕಡೆ ಮಾತ್ರ ಕಾಣದಿದ್ದರೆ ಡ್ರೈವರ್ ಕಡೆ ನೋಡುತ್ತೇನೆ, ಎರಡೂ ಕಡೆ ಕಾಣದಿದ್ದರೆ ಕೇಬಲ್, ಪೋರ್ಟ್, ಅಡಾಪ್ಟರ್.

ವೇಗದ ಬಗ್ಗೆ ದೂರಿಲ್ಲ. 5 ಗಿಗಾಹರ್ಟ್ಸ್‌ನಲ್ಲಿ ಅದೇ ಕೋಣೆಯಲ್ಲಿ 150ರಿಂದ 200 ಮೆಗಾಬಿಟ್. 2.4ರಲ್ಲಿ ಮಾತ್ರ ಪಕ್ಕದ ಪೋರ್ಟ್‌ನಲ್ಲಿ ಯುಎಸ್‌ಬಿ 3 ಹಾರ್ಡ್ ಡಿಸ್ಕ್ ಓಡುವಾಗ ಕುಸಿಯುತ್ತದೆ. ಯುಎಸ್‌ಬಿ 3ರ ಗದ್ದಲ ಆ ತರಂಗಕ್ಕೇ ಬೀಳುತ್ತದೆಂದು ಇಂಟೆಲ್ 2012ರಲ್ಲೇ ಬರೆದಿತ್ತು. ಇನ್ನೊಂದು ಬದಿಯ ಪೋರ್ಟ್‌ಗೆ ಬದಲಿಸಿ.

ನಾನು ಕಡಿದ ಒಂದೂವರೆ ಅಂಕ ಪೂರ್ತಿ ಪೊಟ್ಟಣದ ಲೆಕ್ಕಕ್ಕೆ. ಲಿನಕ್ಸ್ ಬೆಂಬಲವಿದೆ ಎಂದು ಅಚ್ಚಾಗಿತ್ತು, ಯಾವ ಚಿಪ್ ಎಂದು ಎಲ್ಲೂ ಇರಲಿಲ್ಲ. ಸ್ನೇಹಿತನಿಗಾಗಿ ಇದೇ ಮಾಡೆಲ್ ಮತ್ತೆ ತರಿಸಿದರೆ ಹೆಸರೊಂದೇ, ಒಳಗಿನ ಸರಕು ಬೇರೆ: ಹಾರ್ಡ್‌ವೇರ್ ಆವೃತ್ತಿ ಬದಲಾಗಿ ಇನ್ನೊಂದು ಚಿಪ್ ಬಂದಿತ್ತು. ಅದನ್ನು ವಾಪಸ್ ಕಳಿಸಿ, ಕರ್ನಲ್ 4.19ರಿಂದಲೂ ಡ್ರೈವರ್ ಇರುವ ಮೀಡಿಯಾಟೆಕ್ ಎಂಟಿ7612ಯು ಚಿಪ್‌ನದ್ದು ಕೊಡಿಸಿದೆ. ಅವನು ಚುಚ್ಚಿದ, ಬಂತು, ಸಿಡಿಗಿಡಿ ಏನೂ ಕಾಣಲಿಲ್ಲ. ನನ್ನ ಹಳೆಯದು ಈಗಲೂ ಪ್ರತಿ ಬೆಳಿಗ್ಗೆ ಅರೆಕ್ಷಣ ಸಿಡಿಯಾಗಿ ಕಂಡೇ ವೈಫೈ ಆಗುತ್ತದೆ.