ಭಾರತಕ್ಕೆ ಬಾರದ ವಿಗ್ಗೆನ್, ನಮ್ಮ ಮೇಜಿನ ಮೇಲೆ: ಡಿಸಿಎಸ್ ಎಜೆಎಸ್-37 ವಿಮರ್ಶೆ

ಹಳೇ ಏರ್‌ಪೋರ್ಟ್ ರಸ್ತೆಯ ಟ್ರಾಫಿಕ್‌ನಲ್ಲಿ ನಿಂತಾಗ ತಲೆಯ ಮೇಲೆ ಜಾಗ್ವಾರ್ ಗುಡುಗಿಕೊಂಡು ಹೋದರೆ ಸಿಗ್ನಲ್ ಬಿಟ್ಟಿದ್ದನ್ನೂ ಮರೆತು ಕತ್ತೆತ್ತುವ ಜಾತಿಯವರಿಗಾಗಿ ಈ ವಿಮರ್ಶೆ. 1970ರ ದಶಕದ ಕೊನೆಗೆ ನಮ್ಮ ವಾಯುಪಡೆ ತಗ್ಗಿನಲ್ಲೇ ನುಗ್ಗಿ ಹೊಡೆದು ಬರುವ ವಿಮಾನ ಹುಡುಕುತ್ತಿದ್ದಾಗ ಪಟ್ಟಿಯಲ್ಲಿ ಜಾಗ್ವಾರ್ ಜೊತೆಗೆ ಸ್ವೀಡನ್ನಿನ ಸಾಬ್ ವಿಗ್ಗೆನ್ ಕೂಡ ಇತ್ತು. ಅದರ ಆರ್‌ಎಂ8 ಎಂಜಿನ್ ಅಮೆರಿಕದ ಪ್ರ್ಯಾಟ್ ಅಂಡ್ ವಿಟ್ನಿ ಕಂಪನಿಯ ಜೆಟಿ8ಡಿಯಿಂದ ಹುಟ್ಟಿದ್ದು. ಹಾಗಾಗಿ ಮಾರಲು ಅಮೆರಿಕದ ಒಪ್ಪಿಗೆ ಬೇಕಿತ್ತು. 1978ರಲ್ಲಿ ಅದು ಸಿಗಲಿಲ್ಲ. ಜಾಗ್ವಾರ್ ಬಂತು, ಇಲ್ಲೇ ಎಚ್‌ಎಎಲ್‌ನಲ್ಲಿ ತಯಾರಾಯಿತು. ತಮಾಷೆ ಏನೆಂದರೆ, ಅದೇ ಜೆಟಿ8ಡಿ ಹೊತ್ತ ಇಂಡಿಯನ್ ಏರ್‌ಲೈನ್ಸ್‌ನ ಬೋಯಿಂಗ್ 737-200ಗಳು ಅದೇ ಎಚ್‌ಎಎಲ್ ರನ್‌ವೇಯಿಂದ ವರ್ಷಗಟ್ಟಲೆ ಹಾರಿದವು. ಅದಕ್ಕೆ ಯಾರ ತಕರಾರೂ ಇರಲಿಲ್ಲ.

ಆಗ ಕೈತಪ್ಪಿದ ವಿಮಾನ ಈಗ ಡಿಸಿಎಸ್ ವರ್ಲ್ಡ್ ಎಂಬ ಪಿಸಿ ವಿಮಾನ ಸಿಮ್ಯುಲೇಟರ್‌ನಲ್ಲಿ ಮಾಡ್ಯೂಲ್ (ಬೇಕೆಂದರೆ ಸೇರಿಸಿಕೊಳ್ಳುವ ವಿಮಾನ) ಆಗಿ ಸಿಗುತ್ತದೆ. ಮಾಡಿದವರು ಹೀಟ್‌ಬ್ಲರ್, ಮೊದಲು ಬಂದದ್ದು 2017ರ ಜನವರಿಯಲ್ಲಿ. ಸಿಮ್ಯುಲೇಟರ್ ಉಚಿತ, ಕಾಕಸಸ್ ನಕ್ಷೆ, ಎಸ್‌ಯು-25ಟಿ ದಾಳಿ ವಿಮಾನ ಜೊತೆಗೇ ಬರುತ್ತವೆ. ವಿಗ್ಗೆನ್‌ಗೆ ದುಡ್ಡು ಕೊಡಬೇಕು. ಹಬ್ಬದ ಸೇಲ್‌ಗೆ ಕಾಯುವ ಅಭ್ಯಾಸ ನಮಗಿದ್ದೇ ಇದೆ. ಡಿಸಿಎಸ್‌ನಲ್ಲೂ ವರ್ಷಕ್ಕೆ ಕೆಲವು ಸಲ ಭಾರಿ ರಿಯಾಯಿತಿ ಬರುತ್ತದೆ, ಪೂರ್ತಿ ಬೆಲೆಗೆ ಕೊಳ್ಳುವ ಅಗತ್ಯವಿಲ್ಲ.

ಕೊಳ್ಳುವ ಮೊದಲು ಒಂದು ವಿಷಯ ತಿಳಿದಿರಲಿ. ಇದು ಎಜೆಎಸ್, ಅಂದರೆ ದಾಳಿ ಮಾಡುವ ವಿಗ್ಗೆನ್. ಆಕಾಶದಲ್ಲಿ ಎದುರಾಳಿಯನ್ನು ರೇಡಾರ್‌ನಲ್ಲಿ ಲಾಕ್ ಮಾಡಿ ದೂರದಿಂದ ಹೊಡೆಯುವ ಜೆಎ-37 ಬೇರೆ. ಇದರ ಪಿಎಸ್-37 ರೇಡಾರ್ ನೆಲ, ಕರಾವಳಿ, ಹಡಗು ನೋಡಲು ಇರುವುದು. ಗನ್ ಕೂಡ ಒಳಗಿಲ್ಲ. ಬೇಕಿದ್ದರೆ 30 ಎಂಎಂ ಪಾಡ್ ರೆಕ್ಕೆಯ ಕೆಳಗೆ ಸಿಕ್ಕಿಸಬೇಕು. ಸೈಡ್‌ವಿಂಡರ್ ಕ್ಷಿಪಣಿ ಹೊತ್ತುಕೊಂಡು ಹೋಗಬಹುದು, ಆದರೆ ಅದು ದಾರಿಯಲ್ಲಿ ನಾಯಿ ಬಂದರೆ ಇರಲಿ ಅಂತ ಹಿಡಿದ ಕೋಲು. ಡಾಗ್‌ಫೈಟ್ ಬೇಕಾದವರು ಹಾರ್ನೆಟ್, ವೈಪರ್ ಅಥವಾ ನಮಗೆಲ್ಲ ಗೊತ್ತಿರುವ ಮಿಗ್-21ಬಿಸ್ ಕಡೆ ಹೋಗಲಿ.

ಹಾಗಾದರೆ ಇದರ ಸೊಗಸು ಎಲ್ಲಿ? ಹೋಂವರ್ಕ್‌ನಲ್ಲಿ. ನೆಲಕ್ಕೆ ಹತ್ತಿಕೊಂಡು, ಗಂಟೆಗೆ ಸಾವಿರ ಕಿಲೋಮೀಟರ್ ಆಸುಪಾಸಿನಲ್ಲಿ ಹೋಗಿ, ಒಂದೇ ಓಟದಲ್ಲಿ ಹೊಡೆದು ವಾಪಸ್ಸಾಗುವುದು ವಿಗ್ಗೆನ್ನಿನ ಕೆಲಸ. ಇನ್ನೊಂದು ಸುತ್ತು ಹಾಕೋಣ ಅಂದವರನ್ನು ಶತ್ರುವಿನ ಕ್ಷಿಪಣಿ ಸುಮ್ಮನೆ ಬಿಡುವುದಿಲ್ಲ. ಆದ್ದರಿಂದ ಎಲ್ಲ ಲೆಕ್ಕವೂ ಹಾರುವ ಮೊದಲೇ ಮುಗಿದಿರಬೇಕು. ಸಿಕೆ-37 ಎಂಬ ಕಂಪ್ಯೂಟರ್ ನೀವು ಕೊಟ್ಟ ಅಂಕಿಗಳನ್ನು ಅಪ್ಪಣೆಯಂತೆ ಪಾಲಿಸುತ್ತದೆ, ತಪ್ಪು ಅಂಕಿಯನ್ನೂ ಅಷ್ಟೇ ಶ್ರದ್ಧೆಯಿಂದ.

ಹೊಸಬರು ಮುಗ್ಗರಿಸುವುದು ಇಲ್ಲೇ, ದಾರಿಯ ಮತ್ತು ಗುರಿಯ ಬಿಂದುಗಳನ್ನು ಕಂಪ್ಯೂಟರ್‌ಗೆ ತುಂಬುವಾಗ. ಬಲಗಡೆ ಡೇಟಾ ಪ್ಯಾನೆಲ್‌ನಲ್ಲಿ ಗುಬ್ಬಿಯನ್ನು (ನಾಬ್) ರೆಫ್-ಲೋಲಾಗೆ ತಿರುಗಿಸಿ, ಸ್ವಿಚ್ಚನ್ನು ಇನ್ ಕಡೆ ಹಾಕಿ, ಆರು ಅಂಕಿ ರೇಖಾಂಶ, ಆಮೇಲೆ ಆರು ಅಂಕಿ ಅಕ್ಷಾಂಶ ಒತ್ತಿ, ಬಿ1ರಿಂದ ಬಿ9ರವರೆಗಿನ ಗುಂಡಿಗಳಲ್ಲಿ ಬೇಕಾದದ್ದನ್ನು ಅದುಮಬೇಕು. ರೇಖಾಂಶ ಮೊದಲು ಎನ್ನುವುದನ್ನು ಗಟ್ಟಿಯಾಗಿ ನೆನಪಿಡಿ. ಬೇರೆ ವಿಮಾನಗಳಿಂದ ಬಂದವರ ಕೈ ತಾನಾಗಿಯೇ ಅಕ್ಷಾಂಶದಿಂದ ಶುರುಮಾಡುತ್ತದೆ. ಕಾಕಸಸ್ ನಕ್ಷೆಯಲ್ಲಿ ಇದು ಇನ್ನೂ ಅಪಾಯ. ಬಟೂಮಿ ವಿಮಾನ ನಿಲ್ದಾಣದ ಅಕ್ಷಾಂಶವೂ 41 ಡಿಗ್ರಿ 36 ನಿಮಿಷ, ರೇಖಾಂಶವೂ 41 ಡಿಗ್ರಿ 36 ನಿಮಿಷ. ಅದಲುಬದಲಾದರೂ ಬಿಂದು ಅಲ್ಲೇ ಎಲ್ಲೋ ಬೀಳುತ್ತದೆ, ಕಣ್ಣಿಗೆ ಸರಿ ಅನ್ನಿಸುತ್ತದೆ. ಕೊಬುಲೇಟಿ, ಸೆನಾಕಿ ಸುತ್ತಮುತ್ತಲೂ ಇದೇ ಕಥೆ. ತಪ್ಪು ಗೊತ್ತಾಗುವುದು ಬಾಂಬು ಖಾಲಿ ಹೊಲದ ಮೇಲೆ ಬಿದ್ದ ಮೇಲೆ.

ಎರಡನೇ ಬಲೆ ನಿಮಿಷ-ಸೆಕೆಂಡಿನದು. ವಿಗ್ಗೆನ್ ಕೇಳುವುದು ಡಿಗ್ರಿ, ನಿಮಿಷ, ಸೆಕೆಂಡು. ಎಫ್10 ಒತ್ತಿದರೆ ತೆರೆಯುವ ಆಟದ ನಕ್ಷೆ ದಶಮಾಂಶ ನಿಮಿಷದಲ್ಲಿ ತೋರಿಸುತ್ತಿರಬಹುದು. 41 ಡಿಗ್ರಿ 36.50 ನಿಮಿಷ ಎಂದಿರುವುದನ್ನು ನೋಡಿ 413650 ಒತ್ತಿದರೆ ಅದು 50 ಸೆಕೆಂಡ್ ಆಯಿತು, ಇರಬೇಕಾದದ್ದು 30. ಇಪ್ಪತ್ತು ಸೆಕೆಂಡ್ ಅಕ್ಷಾಂಶ ಎಂದರೆ 600 ಮೀಟರ್‌ಗೂ ಹೆಚ್ಚು. ಮೆಜೆಸ್ಟಿಕ್ ಬಸ್‌ಸ್ಟ್ಯಾಂಡ್ ಅಂತ ಹೇಳಿ ರೈಲ್ವೆ ಸ್ಟೇಷನ್ನಿನ ಆಚೆ ಇಳಿಸಿದ ಹಾಗೆ. ನಕ್ಷೆಯಲ್ಲಿ ಎಡ ಆಲ್ಟ್ ಮತ್ತು ವೈ ಒಟ್ಟಿಗೆ ಒತ್ತಿದರೆ ಮಾದರಿ ಬದಲಾಗುತ್ತದೆ. ಸೆಕೆಂಡು ಕಾಣುವವರೆಗೂ ಒತ್ತಿ, ಆಮೇಲೆ ಬರೆದುಕೊಳ್ಳಿ. ಒತ್ತಿ ಮುಗಿದ ಮೇಲೆ ಸ್ವಿಚ್ಚನ್ನು ಉಟ್ (ಅಂದರೆ ಔಟ್) ಕಡೆ ಹಾಕಿ, ಒಂದೊಂದು ಬಿಂದುವನ್ನೂ ಓದಿ ನೋಡುವುದು ಅರ್ಧ ನಿಮಿಷದ ಕೆಲಸ.

ಮೂರನೆಯದು ಕ್ಯೂಎಫ್‌ಇ, ಅಂದರೆ ಗುರಿ ಇರುವ ನೆಲಮಟ್ಟದ ಗಾಳಿಯ ಒತ್ತಡ. ಆಲ್ಟಿಮೀಟರಿನ ಗುಬ್ಬಿಯಿಂದ ಹೊಂದಿಸಬೇಕು. ಸಮುದ್ರ ಮಟ್ಟದ ಹತ್ತಿರ ಒಂದು ಹೆಕ್ಟೋಪ್ಯಾಸ್ಕಲ್ ತಪ್ಪಾದರೆ ಎತ್ತರದ ಲೆಕ್ಕದಲ್ಲಿ ಸುಮಾರು 8 ಮೀಟರ್ ವ್ಯತ್ಯಾಸ. ಹತ್ತು ತಪ್ಪಿದರೆ 80 ಮೀಟರ್ ದಾಟಿತು. ಪ್ಯಾರಾಚೂಟ್ ಕಟ್ಟಿದ 120 ಕೆಜಿಯ ಎಂ-71 ಬಾಂಬುಗಳನ್ನು ನೂರು ಮೀಟರ್ ಎತ್ತರದಲ್ಲಿ ಬಿಡುವಾಗ, ಕಂಪ್ಯೂಟರ್ ತನ್ನ ಎತ್ತರವನ್ನೇ ಅಷ್ಟು ತಪ್ಪಾಗಿ ತಿಳಿದಿದ್ದರೆ ಹದಿನಾರು ಬಾಂಬೂ ಸಾಲಾಗಿ ಬೇರೆಲ್ಲೋ ಬೀಳುತ್ತವೆ. ಸಾಲು ಮಾತ್ರ ಚೆನ್ನಾಗಿರುತ್ತದೆ. ಬಾಂಬು ಬಾಂಬಿನ ನಡುವಿನ ಅಂತರವನ್ನೂ ನೀವೇ ಮೀಟರ್ ಲೆಕ್ಕದಲ್ಲಿ ಆರಿಸಬೇಕು: ಟ್ರಕ್ ಸಾಲಿಗೆ ಅಗಲವಾಗಿ, ಒಂದೇ ಕಟ್ಟಡಕ್ಕೆ ಒತ್ತಾಗಿ.

ಇಷ್ಟೆಲ್ಲ ಸರಿ ಮಾಡಿಯೂ ಬಾಂಬು ಬೀಳಲಿಲ್ಲ ಎಂದರೆ ಕಾರಣ ಹೆಚ್ಚಾಗಿ ಎರಡರಲ್ಲೊಂದು. ಮುಖ್ಯ ಗುಬ್ಬಿ ದಾರಿ ತೋರುವ ನ್ಯಾವ್‌ನಲ್ಲೇ ಉಳಿದಿದೆ, ದಾಳಿಯ ಎಎನ್‌ಎಫ್‌ಗೆ ತಿರುಗಿಸಿಲ್ಲ. ಇಲ್ಲವೇ ಟ್ರಿಗರ್ ಮೇಲಿನ ಸೇಫ್ಟಿ ತೆಗೆದಿಲ್ಲ. ಸೇಫ್ಟಿಗೆ ಜಾಯ್‌ಸ್ಟಿಕ್‌ನಲ್ಲಿ ಬೇರೆಯೇ ಬಟನ್ ಕೊಡಿ, ಟ್ರಿಗರ್ ಪಕ್ಕದಲ್ಲೇ. ಸಮತಲ ದಾಳಿಯಲ್ಲಿ ಟ್ರಿಗರ್ ಒತ್ತಿ ಹಿಡಿದೇ ಇರಬೇಕು, ಬಿಡುವ ಕ್ಷಣವನ್ನು ಕಂಪ್ಯೂಟರ್ ಆರಿಸುತ್ತದೆ. ಒಮ್ಮೆ ಒತ್ತಿ ಬೆರಳು ತೆಗೆದರೆ ಆಟ ಮುಗಿಯಿತು.

ಆಯುಧಗಳಲ್ಲಿ ಉಳಿದವನ್ನು ಬೇಗ ಹೇಳಿಬಿಡುತ್ತೇವೆ. ಆರ್‌ಬಿ-75 ನಮಗೆ ಗೊತ್ತಿರುವ ಮ್ಯಾವರಿಕ್ ಕ್ಷಿಪಣಿ, ಹಳೆಯ ಟಿವಿ ಕಣ್ಣಿನದು. ಮಬ್ಬು ಬೆಳಕಿನಲ್ಲಿ ನೆಚ್ಚಬೇಡಿ. ಆರ್‌ಬಿ-05 ಅನ್ನು ಕಣ್ಣಲ್ಲಿ ನೋಡುತ್ತ ಕೈಯಾರೆ ತಿರುಗಿಸಿ ಗುರಿ ಮುಟ್ಟಿಸಬೇಕು, ಮಜಾ ಇದೆ, ಉಪಯೋಗ ಕಡಿಮೆ. 135 ಎಂಎಂ ರಾಕೆಟ್ ಪಾಡ್‌ಗಳು ಕಲಿಯಲು ಸುಲಭ, ಹೊಡೆತವೂ ಜೋರು. ಹಡಗಿನ ಮೇಲೆ ಆರ್‌ಬಿ-15: ದಾರಿಯನ್ನು ಮೊದಲೇ ಹಾಕಿಕೊಟ್ಟರೆ ನೀವು ದಿಗಂತದ ಈಚೆಯೇ ತಿರುಗಿಕೊಂಡು ಮನೆಗೆ ಬರಬಹುದು.

ಕಾಕ್‌ಪಿಟ್ ಅಕ್ಷರ ಎಲ್ಲ ಸ್ವೀಡಿಷ್. ಹೆದರಬೇಡಿ, ಬಾನಾ ಅಂದರೆ ರನ್‌ವೇ, ವಿಂಡ್ ಅಂದರೆ ಗಾಳಿ, ವಾರದಲ್ಲಿ ಅಭ್ಯಾಸವಾಗುತ್ತದೆ. ಅದಕ್ಕಿಂತ ದೊಡ್ಡ ಅನುಕೂಲ, ಅಳತೆ ಎಲ್ಲ ಕಿಲೋಮೀಟರ್, ಮೀಟರ್. ನಾಟ್, ಫೀಟ್‌ಗಳನ್ನು ತಲೆಯಲ್ಲೇ ಗುಣಿಸುವ ಕರ್ಮ ಇಲ್ಲ.

ಲ್ಯಾಂಡಿಂಗ್ ಬಗ್ಗೆ ಮಾತ್ರ ಅವಸರ ಮಾಡಲಾಗದು, ಈ ಮಾಡ್ಯೂಲ್‌ನ ಬೆಲೆಯಲ್ಲಿ ಅರ್ಧ ಅದಕ್ಕೇ ಸಲ್ಲಬೇಕು. ಯುದ್ಧವಾದರೆ ವಾಯುನೆಲೆಗಳು ಮೊದಲು ಹಾಳಾಗುತ್ತವೆ ಎಂದು ಲೆಕ್ಕ ಹಾಕಿದ ಸ್ವೀಡನ್ ಹೆದ್ದಾರಿಯ ನೇರ ತುಂಡುಗಳಿಂದಲೇ ವಿಮಾನ ಹಾರಿಸುವ ವ್ಯವಸ್ಥೆ ಕಟ್ಟಿತು. 500 ಮೀಟರ್ ರಸ್ತೆ ಸಾಕಾಗಬೇಕು. ಅದಕ್ಕಾಗಿಯೇ ಮುಂದೆ ಕನಾರ್ಡ್ ರೆಕ್ಕೆ, ಹಿಂದೆ ಥ್ರಸ್ಟ್ ರಿವರ್ಸರ್, ಅಂದರೆ ಎಂಜಿನ್ನಿನ ನೂಕುಬಲವನ್ನು ಮುಂದಕ್ಕೆ ತಿರುಗಿಸಿ ವಿಮಾನ ನಿಲ್ಲಿಸುವ ಸಾಧನ. ಆಫ್ಟರ್‌ಬರ್ನರ್, ರಿವರ್ಸರ್ ಎರಡೂ ಇರುವ ಯುದ್ಧವಿಮಾನಗಳನ್ನು ಬೆರಳಲ್ಲಿ ಎಣಿಸಬಹುದು.

ಕ್ರಮ ಹೀಗೆ. ಮುಖ್ಯ ಗುಬ್ಬಿಯನ್ನು ಲ್ಯಾಂಡಿಂಗ್-ನ್ಯಾವ್‌ಗೆ ತಿರುಗಿಸಿ, ವೇಗ 600ರ ಕೆಳಗೆ ಬಂದ ಮೇಲೆ ಚಕ್ರ ಇಳಿಸಿ. ಎಎಫ್‌ಕೆ ಎಂಬ ಆಟೋಥ್ರಾಟಲ್ ಹಾಕಿ. ಚಕ್ರ ಇಳಿದಿದ್ದರೆ ಅದು ಆಲ್ಫಾವನ್ನು (ಎದುರು ಗಾಳಿಗೆ ರೆಕ್ಕೆಯ ಕೋನ) 12 ಡಿಗ್ರಿಯಲ್ಲಿ ಹಿಡಿಯುತ್ತದೆ, ಚಿಕ್ಕ ರಸ್ತೆಗೆ 15.5ಕ್ಕೆ ಬದಲಿಸಬಹುದು. ರಿವರ್ಸರ್ ಹಿಡಿಕೆಯನ್ನು ಗಾಳಿಯಲ್ಲಿರುವಾಗಲೇ ಎಳೆದಿಡಿ. ಆಮೇಲೆ ಮುಂದಿನ ಗಾಜಿನ ತೆರೆಯಲ್ಲಿ ವಿಮಾನ ಸಾಗುವ ದಿಕ್ಕು ತೋರಿಸುವ ಚಿಹ್ನೆಯನ್ನು ರನ್‌ವೇಯ ತುದಿಯ ಮೇಲೆ ಇಟ್ಟು, ಅಲ್ಲಿಂದ ಕದಲಿಸಬೇಡಿ. ಬೇರೆ ವಿಮಾನದಲ್ಲಿ ಮಾಡುವಂತೆ ಕೊನೆಗೆ ಮೂಗು ಎತ್ತಿ ತೇಲಿಸಲು ಹೋದರೆ 500 ಮೀಟರ್ ಅಲ್ಲೇ ಖರ್ಚಾಗುತ್ತದೆ. ದಪ್ಪ ಎಂದು ಕೂರಿಸಿ. ಈ ಕಾಲುಗಳು ಸೆಕೆಂಡಿಗೆ 5 ಮೀಟರ್ ಇಳಿತವನ್ನು ತಡೆಯಲೆಂದೇ ಮಾಡಿದವು.

ಚಕ್ರ ತಾಗಿದ ಕೂಡಲೇ ಮೂಗು ಇಳಿಸಿ. ಮುಂದಿನ ಚಕ್ರದ ಸ್ಟ್ರಟ್ ಒತ್ತಿದ ಮೇಲೆಯೇ ರಿವರ್ಸರ್ ತೆರೆದುಕೊಳ್ಳುವುದು. ಹಿಂಚಕ್ರದ ಮೇಲೆ ಸ್ಟೈಲಾಗಿ ಓಡುತ್ತ ಥ್ರಾಟಲ್ ಕೊಟ್ಟವರು ನಿಲ್ಲುವ ಬದಲು ಮುಂದಕ್ಕೇ ಹೋಗುತ್ತಾರೆ. ಎಎಫ್‌ಕೆ ಬಿಟ್ಟಿದೆ ಎಂದು ಖಚಿತ ಮಾಡಿಕೊಂಡು ಥ್ರಾಟಲ್ ಏರಿಸಿ, ವೇಗ ಸಾಕಷ್ಟು ಇಳಿದ ಮೇಲೆ ಐಡಲ್‌ಗೆ ತಂದು ಹಿಡಿಕೆ ಒಳಗೆ ತಳ್ಳಿ. ಮರೆತರೆ ವಿಮಾನ ನಿಂತು, ಹಾಗೇ ಹಿಂದಕ್ಕೆ ಹೊರಡುತ್ತದೆ. ಜಾಗ ಕಡಿಮೆ ಇದ್ದಾಗ ಬೇಕೆಂದೇ ರಿವರ್ಸ್ ತೆಗೆಯಲೂ ಬಹುದು, ನಮ್ಮ ಅಪಾರ್ಟ್‌ಮೆಂಟ್ ಬೇಸ್‌ಮೆಂಟ್‌ಗಳಲ್ಲಿ ಕಾರು ತೆಗೆದಂತೆ. ಹಿಂದೆ ನೋಡಿ ಹೇಳುವ ಸೆಕ್ಯೂರಿಟಿ ಮಾತ್ರ ಇರುವುದಿಲ್ಲ.

ಇನ್ನು ಸಾಮಾನು. ಎಸ್‌ಪಿ ರೋಡ್‌ನಲ್ಲಿ ರ್ಯಾಮ್, ಎಸ್‌ಎಸ್‌ಡಿ ಸಿಕ್ಕಷ್ಟು ಸುಲಭವಾಗಿ ಒಳ್ಳೆಯ ಜಾಯ್‌ಸ್ಟಿಕ್ ಸಿಗುವುದಿಲ್ಲ, ಆನ್‌ಲೈನ್ ನೋಡುವುದೇ ಸರಿ. 32 ಜಿಬಿ ರ್ಯಾಮ್, 1 ಟಿಬಿ ಎಸ್‌ಎಸ್‌ಡಿ ಇದ್ದರೆ ನೆಮ್ಮದಿ. ಹಾರ್ಡ್ ಡಿಸ್ಕ್‌ನಲ್ಲಿ ಡಿಸಿಎಸ್ ಹಾಕಿದರೆ ಮಿಷನ್ ಲೋಡ್ ಆಗುವಷ್ಟರಲ್ಲಿ ಫಿಲ್ಟರ್ ಕಾಫಿ ಇಳಿದಿರುತ್ತದೆ. ಥ್ರಾಟಲ್ ಮೇಲೆ ಪುಟ್ಟ ಸ್ಟಿಕ್ ಇರುವುದನ್ನೇ ಕೊಳ್ಳಿ, ರೇಡಾರ್ ಗುರುತನ್ನು ಸರಿಸಲು ಅದು ಬೇಕೇ ಬೇಕು, ಹ್ಯಾಟ್ ಸ್ವಿಚ್‌ನಲ್ಲಿ ಮಾಡಿದರೆ ಒರಟಾಗಿ ಜಿಗಿಯುತ್ತದೆ. ಯುಪಿಎಸ್ 600 ವಿಎ ಸಾಲದು: ಅದರಿಂದ ಸಿಗುವುದು ಸುಮಾರು 360 ವ್ಯಾಟ್, ದೊಡ್ಡ ಗ್ರಾಫಿಕ್ಸ್ ಕಾರ್ಡ್ ಇರುವ ಪಿಸಿ ಆಟದ ನಡುವೆ ಅದಕ್ಕಿಂತ ಹೆಚ್ಚು ಎಳೆಯುತ್ತದೆ. ಮಳೆಗಾಲದ ಸಂಜೆ ಕರೆಂಟ್ ಒಮ್ಮೆ ಕಣ್ಣು ಮಿಟುಕಿಸಿದರೆ ಒಂದು ಗಂಟೆಯ ಹೋಂವರ್ಕ್ ಹೋಯಿತು.

ಮಲ್ಟಿಪ್ಲೇಯರ್‌ಗೆ ಇಲ್ಲಿಂದ ಯೂರೋಪಿನ ಸರ್ವರ್‌ಗಳ ಪಿಂಗ್ (ಮಾಹಿತಿ ಹೋಗಿ ಬರುವ ಸಮಯ) ಜಾಸ್ತಿ. ಡಾಗ್‌ಫೈಟ್ ಆಡುವವರು ಗೊಣಗುತ್ತಾರೆ. ನಿಂತಿರುವ ಡಿಪೋ ಮೇಲೆ ಒಮ್ಮೆ ಹಾದು ಬರುವ ವಿಗ್ಗೆನ್‌ಗೆ ಅದು ತಟ್ಟುವುದು ಕಡಿಮೆ.

ಯಲಹಂಕದ ಏರೋ ಇಂಡಿಯಾದಲ್ಲಿ ಸಾಬ್‌ನದೇ ಗ್ರಿಪೆನ್ ಯುದ್ಧವಿಮಾನ ನೋಡಿ ಮನಸೋತವರಿಗೆ ಒಂದು ಮಾತು: ಡಿಸಿಎಸ್‌ಗೆ ಹವ್ಯಾಸಿಗಳು ಮಾಡಿದ ಉಚಿತ ಗ್ರಿಪೆನ್ ಇದೆ, ಆದರೆ ಅದು ವಿಗ್ಗೆನ್‌ನಷ್ಟು ಆಳಕ್ಕೆ ಇಳಿಯುವುದಿಲ್ಲ, ಒಂದೊಂದು ಅಪ್‌ಡೇಟ್‌ಗೂ ಕೆಡುವ ಭಯ ಬೇರೆ.

ಇನ್ನೂ ಅನುಮಾನವಿದ್ದರೆ ಡಿಸಿಎಸ್ ಅಂಗಡಿಯಲ್ಲಿ 14 ದಿನದ ಉಚಿತ ಪ್ರಯೋಗ ಸಿಗುತ್ತದೆ. ಅದನ್ನು ವಾರದ ನಡುವೆ ಶುರುಮಾಡಿ ಆಫೀಸ್ ಕೆಲಸದಲ್ಲಿ ಕಳೆಯಬೇಡಿ. ಶುಕ್ರವಾರ ರಾತ್ರಿ ಹಾಕಿದರೆ ಎರಡು ಪೂರ್ತಿ ವಾರಾಂತ್ಯ ಕೈಗೆ ಬರುತ್ತವೆ. ಮೊದಲ ವಾರಾಂತ್ಯ ಬಟೂಮಿಯಿಂದ ಕೊಬುಲೇಟಿಗೆ ಹೋಗಿ ಇಳಿಯುವುದನ್ನು ಬಿಟ್ಟು ಇನ್ನೇನೂ ಮಾಡಬೇಡಿ, ಆಯುಧ ಹೊರುವುದೇ ಬೇಡ. ಎರಡನೆಯದಕ್ಕೆ ಹದಿನಾರು ಎಂ-71, ಒಂದು ಗುರಿ, ಒಂದು ಓಟ. ಅಂಕಿಗಳನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ, ರೇಖಾಂಶ ಮೇಲೆ, ಅಕ್ಷಾಂಶ ಕೆಳಗೆ.